ಪಾತ್ರೆ ಹಿಡಿದವನು

"ಅಕ್ಕ, ಹಿಟ್ಟು ಇರುವುದು ಮಕ್ಕಳು ಆಡುವುದಕ್ಕೆ ತಾನೇ? ಕಲಸುವುದನ್ನೂ ಅವರ ಕೈಯಲ್ಲೇ ಏಕೆ ಮಾಡಿಸಬೇಕು?"

ಕಮಲಾಕ್ಷಿ ಚಪ್ಪಲಿ ಬಿಡುತ್ತಲೇ ಈ ಪ್ರಶ್ನೆ ಕೇಳಿದಳು. ಅವಳು ಊರಿನ ಶಿಶುವಿಹಾರಕ್ಕೆ ಹೊಸದಾಗಿ ಬಂದ ಶಿಕ್ಷಕಿ. ಕೇಳಿದ್ದು ಅಂಬಕ್ಕನವರನ್ನು. ಅಂಬಕ್ಕ ಬಹಳ ವರ್ಷ ಎಳೆಯ ಮಕ್ಕಳಿಗೆ ಕಲಿಸಿದವರು, ಆಮೇಲೆ ಕಲಿಸುವವರಿಗೆ ಕಲಿಸಿದವರು. ಈಗ ಜಗುಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು.

"ಕುಳಿತುಕೋ" ಎಂದರು.

"ಕೂರಲು ಹೊತ್ತಿಲ್ಲ ಅಕ್ಕ. ನಾಳೆ ಹತ್ತು ಗಂಟೆಗೆ ತಾಯಂದಿರ ಸಭೆ, ಅವರೆದುರು ಮಕ್ಕಳು ಹಿಟ್ಟಿನ ಬೊಂಬೆ ಮಾಡಬೇಕು. ಹೋದ ವಾರ ನೀವು ಹೇಳಿದ ಹಾಗೆ ಮಕ್ಕಳ ಕೈಗೇ ಹಿಟ್ಟು, ಉಪ್ಪು, ನೀರು ಕೊಟ್ಟೆ. ಕಲಸುವಷ್ಟರಲ್ಲಿ ಮನೆಗೆ ಹೋಗುವ ಹೊತ್ತಾಯಿತು. ಬಟ್ಟೆಯೆಲ್ಲ ಮೈದಾ. ಅಕ್ಷರ ಕಲಿಸಿ ಅಂತ ಕಳಿಸಿದರೆ ಅಡುಗೆ ಕಲಿಸುತ್ತೀರಾ ಅಂತ ಒಬ್ಬ ತಾಯಿ ಬಾಗಿಲಲ್ಲೇ ಕೇಳಿಬಿಟ್ಟರು. ಅದಕ್ಕೇ ಈ ಸಲ ನಾನೇ ಕಲಸಿ ತಂದಿದ್ದೇನೆ. ನೋಡಿ."

ಅವಳು ಸ್ಟೀಲಿನ ಡಬ್ಬಿಯೊಂದನ್ನು ಮುಂದೆ ಹಿಡಿದಳು. ಒಳಗೆ ಇಪ್ಪತ್ತೆರಡು ಉಂಡೆಗಳು ಸಾಲಾಗಿ ಕುಳಿತಿದ್ದವು. ಅರ್ಧ ಹಳದಿ, ಅರ್ಧ ಕೆಂಪು. ಒಂದರಲ್ಲೂ ಬಿರುಕಿಲ್ಲ.

"ಕುಳಿತುಕೊಂಡು ಚಡಪಡಿಸು" ಎಂದರು ಅಂಬಕ್ಕ. "ನಿಂತುಕೊಂಡು ಚಡಪಡಿಸಿದರೆ ನಿನ್ನನ್ನು ನೋಡಿ ನೋಡಿ ನನ್ನ ಕುತ್ತಿಗೆ ನೋಯುತ್ತದೆ."

ಕಮಲಾಕ್ಷಿ ಕುಳಿತಳು. ಅಂಬಕ್ಕ ಡಬ್ಬಿಯತ್ತ ಇನ್ನೊಮ್ಮೆ ನೋಡಲೂ ಇಲ್ಲ. ಒಂದು ಹಿಡಿ ಅವರೆಕಾಯಿ ಅವಳ ಮುಂದೆ ಸುರಿದು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಬೋರ್ಡು ಬರೆಯುವವನಿದ್ದ. ಕಿರಾಣಿ ಅಂಗಡಿ, ಕ್ಷೌರದಂಗಡಿ, ಹಾಲಿನ ಡೇರಿ, ಬಸ್ ನಿಲ್ದಾಣ, ಎಲ್ಲಿ ನೋಡಿದರೂ ಅವನದೇ ಅಕ್ಷರ. ಸುಣ್ಣ ಹಚ್ಚಿದ ದಾರವನ್ನು ಗೋಡೆಗೆ ಬಿಗಿದು ಒಮ್ಮೆ ಮೀಟಿದರೆ ಗೆರೆ ಬೀಳುತ್ತದಲ್ಲ, ಆ ಗೆರೆ ಬಿಟ್ಟು ಅವನ ಕುಂಚ ಕೂದಲೆಳೆಯಷ್ಟೂ ಆಚೀಚೆ ಹೋಗುತ್ತಿರಲಿಲ್ಲ. ಬೇರೆಯವರು ಬರೆದ ಬೋರ್ಡಿನಲ್ಲಿ ಒಂದು ಕೊಂಬು ಸೊಟ್ಟಗಿದ್ದರೆ ಸಾಕು, ಆ ಬೀದಿಯಲ್ಲಿ ಹೋಗುವುದನ್ನೇ ಬಿಡುತ್ತಿದ್ದ. ಅಂಥ ಮನುಷ್ಯ.

ಅವನಿಗೆ ಒಬ್ಬಳೇ ಮಗಳು. ಐದು ತುಂಬಿತ್ತು. ತಾಯಿ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯ ಕೆಲಸಕ್ಕೆ ಹೊರಟರೆ ಬರುತ್ತಿದ್ದುದು ಸಂಜೆಗೆ. ಹಾಗಾಗಿ ಮಗು ಹಗಲೆಲ್ಲ ಅಪ್ಪನ ಅಂಗಡಿಯಲ್ಲೇ ಇರುತ್ತಿತ್ತು.

ವಿಜಯದಶಮಿಯ ದಿನ ಅವನು ಮಗಳಿಗೆ ಅಕ್ಷರಾಭ್ಯಾಸ ಮಾಡಿಸಿದ. ತಟ್ಟೆಯಲ್ಲಿ ಅಕ್ಕಿ ಹರಡಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ಬೆರಳು ಹಿಡಿದು ಬರೆಸುವುದು ಪದ್ಧತಿ. ಎಲ್ಲರೂ ಒಂದು ದಿನ ಹಿಡಿದು ಬಿಡುತ್ತಾರೆ. ಇವನು ಬಿಡಲಿಲ್ಲ. ಮಾರನೆಯ ದಿನ ಸ್ಲೇಟು ತಂದ. ಮಗು ಒಂದು ಗೆರೆ ಎಳೆಯಿತು, ಗೆರೆ ಸೊಟ್ಟಗಾಯಿತು. ಅವನಿಗೆ ಮೈಮೇಲೆ ಇರುವೆ ಹರಿದ ಹಾಗಾಯಿತು. ಕೂಡಲೇ ಕೈ ಹಿಡಿದು ಸರಿಮಾಡಿದ. ಅಂದಿನಿಂದ ಒಂದು ದಿನವೂ ತಪ್ಪದೆ ಹಿಡಿದು ಹಿಡಿದು ಬರೆಸಿದ. ಸ್ಲೇಟಿನ ತುಂಬ ಮುತ್ತಿನಂಥ ಅಕ್ಷರಗಳು. ನೋಡಿದವರೆಲ್ಲ, ಅಪ್ಪನ ಕೈ ಮಗಳಿಗೂ ಬಂದಿದೆ ಎಂದರು. ಅವನಿಗೆ ಆಕಾಶಕ್ಕೆ ಮೂರೇ ಗೇಣು.

ಏಪ್ರಿಲ್‌ನಲ್ಲಿ ಮಗಳನ್ನು ದೊಡ್ಡ ಶಾಲೆಗೆ ಸೇರಿಸಲು ಕರೆದುಕೊಂಡು ಹೋದ. ಮುಖ್ಯೋಪಾಧ್ಯಾಯಿನಿ ಮಗುವಿನ ಕೈಗೆ ಬಳಪ ಕೊಟ್ಟು, "ಒಂದು ಅಕ್ಷರ ಬರಿ ಪುಟ್ಟಿ, ಯಾವುದಾದರೂ ಸರಿ" ಎಂದರು. ಮಗು ಬಳಪ ಹಿಡಿಯಿತು. ಹಿಡಿದ ಕೈಯನ್ನು ಅಪ್ಪನ ಕಡೆ ಚಾಚಿ ಕಾಯುತ್ತಾ ನಿಂತಿತು.

"ನೀನೇ ಬರಿಯಮ್ಮ" ಎಂದ ಅವನು.

ಬೆರಳು ಸಡಿಲವಾಯಿತು. ಬಳಪ ನೆಲಕ್ಕೆ ಬಿದ್ದು ಎರಡು ತುಂಡಾಯಿತು.

"ಇನ್ನೂ ಕೈ ಬಲಿತಿಲ್ಲ" ಎಂದರು ಮುಖ್ಯೋಪಾಧ್ಯಾಯಿನಿ. "ಮೇ ತಿಂಗಳ ಕೊನೆಗೆ ಇನ್ನೊಂದು ಸಲ ಕರೆದುಕೊಂಡು ಬನ್ನಿ. ತಾನಾಗಿ ಒಂದಕ್ಷರ ಬರೆದರೆ ಸಾಕು, ಸೇರಿಸಿಕೊಳ್ಳುತ್ತೇನೆ. ಇಲ್ಲದಿದ್ದರೆ ಮುಂದಿನ ವರ್ಷ ನೋಡೋಣ."

ಬಾಗಿಲ ಬಳಿ ಕುಳಿತಿದ್ದ ಗುಮಾಸ್ತ ಸುಮ್ಮನಿರಬಾರದೇ? "ಊರಿನ ಅಕ್ಷರವನ್ನೆಲ್ಲ ಅಪ್ಪನೇ ಬರೆದು ಮುಗಿಸಿಬಿಟ್ಟಿದ್ದಾನೆ, ಪಾಪ, ಮಗಳಿಗೆ ಏನೂ ಉಳಿದಿಲ್ಲ" ಎಂದ. ಅಲ್ಲಿದ್ದವರು ನಕ್ಕರು. ಬೋರ್ಡು ಬರೆಯುವವನೂ ನಕ್ಕ. ಮನೆಗೆ ಬಂದಮೇಲೆ ಅನ್ನದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಊರಿಗೆಲ್ಲ ಅಕ್ಷರ ಬರೆಯುವವನ ಮಗಳು ಅಕ್ಷರ ಬಾರದವಳಾಗಿ ಉಳಿದುಬಿಟ್ಟರೆ? ನಾಚಿಕೆ ಒಂದು ಕಡೆ ಇರಲಿ. ಮಗುವಿನ ಕೈಯಲ್ಲೇ ಏನಾದರೂ ಊನವಿದೆಯೋ ಎಂಬ ಭಯ ಅವನನ್ನು ಕೂರಲು ಬಿಡಲಿಲ್ಲ, ನಿಲ್ಲಲು ಬಿಡಲಿಲ್ಲ.

ಇನ್ನು ನಲವತ್ತು ದಿನ. ಅಂಗಡಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ನಲವತ್ತು ಗೆರೆ ಎಳೆದ. ದಿನಕ್ಕೊಂದು ಅಳಿಸುತ್ತಾ ಬಂದ. ಮೊದಲು ಬೆಳಿಗ್ಗೆ ಮಾತ್ರ ಬರೆಸುತ್ತಿದ್ದವನು ಮಧ್ಯಾಹ್ನವೂ ಬರೆಸಿದ, ಸಂಜೆಯೂ ಬರೆಸಿದ. ಕೈ ಬಿಟ್ಟರೆ ಬಳಪ ಬೀಳುತ್ತಿತ್ತು. ಬಿದ್ದರೆ ಮತ್ತೆ ಹಿಡಿಯುತ್ತಿದ್ದ. ಏಳು ಗೆರೆ ಅಳಿಸುವಷ್ಟರಲ್ಲಿ ಮಗು ಸ್ಲೇಟು ಕಂಡರೆ ಸಾಕು, ಹೊಟ್ಟೆನೋವು ಎನ್ನತೊಡಗಿತು.

"ಆಮೇಲೆ?" ಎಂದಳು ಕಮಲಾಕ್ಷಿ. ಅವಳ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು.

"ಆಮೇಲೆ ನೀನು ಕಾಯಿ ಸುಲಿ" ಎಂದು ಅಂಬಕ್ಕ ಮುಂದುವರಿಸಿದರು.

ಅಂಗಡಿಯ ಪಕ್ಕದಲ್ಲಿ ಒಬ್ಬ ಮುದುಕಿ ಇದ್ದಳು. ಜೋಳದ ರೊಟ್ಟಿ ತಟ್ಟಿ ಖಾನಾವಳಿಗಳಿಗೆ ಕೊಡುವುದು ಅವಳ ಕೆಲಸ. ಬಾಯಿ ಸ್ವಲ್ಪ ಜೋರು. ಅಪ್ಪ ಮಗಳ ಅವಸ್ಥೆಯನ್ನು ದಿನವೂ ಕಿಟಕಿಯಿಂದ ನೋಡುತ್ತಿದ್ದಳು. ಒಂದು ದಿನ ತಡೆಯಲಾರದೆ ಎದ್ದು ಬಂದಳು.

"ಏನಪ್ಪಾ, ಮಗುವಿನ ಬೆರಳನ್ನ ಕುಂಚ ಮಾಡ್ಕೊಂಡುಬಿಟ್ಟಿದ್ದೀಯಲ್ಲ. ಬಣ್ಣದಲ್ಲಿ ಅದ್ದೋದೊಂದು ಬಾಕಿ."

"ಮತ್ತೇನು ಮಾಡ್ಲಿ ಅಜ್ಜಿ? ಬಿಟ್ಟರೆ ಬಿದ್ದುಹೋಗುತ್ತೆ."

"ಬಳಪ ಎತ್ತಿ ಒಳಗಿಡು. ಅವಳ ಜೊತೆ ಕೂತ್ಕೊಂಡು ಮೈದಾ ಹಿಟ್ಟು ಕಲಸು. ಎರಡು ಬಟ್ಟಲು ಹಿಟ್ಟು, ಒಂದು ಬಟ್ಟಲು ಉಪ್ಪು, ಒಂದು ಚಮಚ ಎಣ್ಣೆ, ಬೇಕಾದಷ್ಟು ನೀರು. ತಿನ್ನೋಕಲ್ಲ, ಆಡೋಕೆ. ದಿನಾ ಕಲಸು."

ಅವನಿಗೆ ಸಿಟ್ಟೇ ಬಂತು. ಅಕ್ಷರ ಬರದ ಮಗುವಿಗೆ ಹಿಟ್ಟು ಕಲಸು ಅನ್ನುತ್ತಾಳಲ್ಲ! ಆದರೆ ಬೇರೆ ದಾರಿ ತೋಚಲಿಲ್ಲ. ಸರಿ, ಕಲಸಿಕೊಡೋಣ ಎಂದುಕೊಂಡ. ಆದರೆ ಮಗುವನ್ನು ಕೂರಿಸಿಕೊಂಡು ಕಲಸಿದರೆ ಅರ್ಧ ದಿನ ಅದಕ್ಕೇ ಹೋಗುತ್ತದೆ. ಮುಗಿದ ಹಿಟ್ಟು ಕೈಗೆ ಕೊಟ್ಟರೆ ನೇರ ಆಟಕ್ಕೆ ಇಳಿಯಬಹುದು. ದಿನಗಳು ಬೇರೆ ಕಡಿಮೆ. ಹೀಗೆ ಲೆಕ್ಕ ಹಾಕಿ ಅವನು ಬೆಳಗ್ಗೆ ಬೇಗ ಎದ್ದು ತಾನೇ ಕಲಸಿದ.

ಇಲ್ಲಿ ಕಮಲಾಕ್ಷಿ ಡಬ್ಬಿಯನ್ನು ತುಸು ತನ್ನ ಕಡೆ ಎಳೆದುಕೊಂಡಳು. ಅಂಬಕ್ಕ ಕಂಡೂ ಕಾಣದವರಂತೆ ಹೇಳುತ್ತಾ ಹೋದರು.

ಅವನು ಕೈಹಾಕಿದ ಕೆಲಸ ಕೇಳಬೇಕೇ? ಹಿಟ್ಟು ಬೆಣ್ಣೆಯಂತೆ ಬಂತು. ಬಣ್ಣಕ್ಕೆ ಅರಿಶಿನ ಹಾಕಿ ನೋಡಿದ. ಅರಿಶಿನದ ಹಳದಿ ಅವನ ಕಣ್ಣಿಗೆ ಸಪ್ಪೆ ಎನಿಸಿತು. ಅಂಗಡಿಯ ಹಲಗೆಯಿಂದ ಬೋರ್ಡಿಗೆ ಬಳಸುವ ಕೆಂಪು ಪುಡಿ ಇಳಿಸಿ ಒಂದು ಚಿಟಿಕೆ ಬೆರೆಸಿದ. ಆಹಾ, ಎಂಥ ಕೆಂಪು!

ಮಗು ಎದ್ದು ಬಂದಿತು. ಕೆಂಪು ಉಂಡೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿತು. ಆಮೇಲೆ ಅಪ್ಪನ ಕೈಗೇ ವಾಪಸು ಕೊಟ್ಟು, "ಇದರಲ್ಲಿ ಆನೆ ಮಾಡಿಕೊಡು" ಎಂದಿತು. ಅವನು ಮಾಡಿಕೊಟ್ಟ. ಸೊಂಡಿಲು, ದಂತ, ಬಾಲದ ತುದಿಯ ಕೂದಲು ಎಲ್ಲ ಇದ್ದ ಆನೆ. "ಕುದುರೆ" ಎಂದಿತು. ಕುದುರೆಯನ್ನೂ ಮಾಡಿದ. ಮಗು ಕುದುರೆಯ ಕಾಲು ಮುರಿದು ಇನ್ನೇನು ಬಾಯಿಗೆ ಹಾಕಿಕೊಳ್ಳಬೇಕು, ಅಷ್ಟರಲ್ಲಿ ರೊಟ್ಟಿ ಕೊಡಲು ಹೊರಟಿದ್ದ ಮುದುಕಿ ಓಡಿಬಂದು ಕಿತ್ತುಕೊಂಡಳು.

"ಅಯ್ಯೋ ಪುಣ್ಯಾತ್ಮ! ಮಗುವಿನ ಹೊಟ್ಟೆಯೊಳಗೆ ಬೋರ್ಡು ಬರೆಯೋಕೆ ಹೊರಟಿದ್ದೀಯಾ? ಅದು ವಿಷ ಕಣೋ!"

ಆನೆ, ಕುದುರೆ ಎಲ್ಲ ಕಸದ ಬುಟ್ಟಿಗೆ ಹೋದವು. ಬೋರ್ಡು ಬರೆಯುವವನು ತಲೆಯ ಮೇಲೆ ಕೈಹೊತ್ತು ಕುಳಿತ. ಮುದುಕಿ ಮಗುವಿನ ಬಾಯಿ ತೊಳೆಸಿ, ನಾಲಿಗೆ ಚಾಚಿಸಿ ನೋಡಿ, ಏನೂ ಒಳಗೆ ಹೋಗಿಲ್ಲ ಎಂದು ಖಾತ್ರಿಯಾದ ಮೇಲೆ ಅವನ ಕಡೆ ತಿರುಗಿದಳು.

"ನಾಳೆ ನನ್ನ ಅಡುಗೆಮನೆಗೆ ಬನ್ನಿ ಇಬ್ಬರೂ. ನಿನಗೂ ಒಂದು ಕೆಲಸ ಕೊಡ್ತೀನಿ."

ಮಾರನೆಯ ದಿನ ಹೋದರು. ಮುದುಕಿ ನೆಲದ ಮೇಲೆ ಅಗಲವಾದ ಪಾತ್ರೆ ಇಟ್ಟಳು. "ನೀನು ಪಾತ್ರೆ ಹಿಡ್ಕೋ. ಎರಡೂ ಕೈಯಲ್ಲಿ. ಅಲ್ಲಾಡಬಾರದು. ಅಷ್ಟೇ ನಿನ್ನ ಕೆಲಸ" ಎಂದು ಅವನನ್ನು ಕೂರಿಸಿದಳು. ಹಿಟ್ಟಿನ ಡಬ್ಬ, ಉಪ್ಪಿನ ಮರಿಗೆ, ಎಣ್ಣೆ, ಅರಿಶಿನ, ಒಂದು ಚೊಂಬು ನೀರು, ಒಂದು ಬಟ್ಟಲು ಮಗುವಿನ ಮುಂದೆ ಇಟ್ಟಳು.

ಮಗು ಒಂದು ಬಟ್ಟಲು ಹಿಟ್ಟು ಹಾಕಿ, ಎರಡನೆಯ ಬಟ್ಟಲು ತುಂಬಿ ಎತ್ತಿತು. ಅರ್ಧ ಪಾತ್ರೆಗೆ ಬಿತ್ತು, ಅರ್ಧ ಅಪ್ಪನ ಮೊಣಕಾಲಿಗೆ. ಅವನ ಬಲಗೈ ತಾನಾಗಿ ಮೇಲೆದ್ದಿತು. ಮುದುಕಿ ಸೌಟಿನಿಂದ ಗೆಣ್ಣಿನ ಮೇಲೆ ಒಂದು ಕುಟ್ಟಿದಳು.

"ಪಾತ್ರೆ!"

ಅವನು ಪಾತ್ರೆ ಹಿಡಿದ.

"ಎಷ್ಟಾಯ್ತು ಪುಟ್ಟಿ?"

"ಒಂದು... ಒಂದೂವರೆ."

"ಎಷ್ಟು ಬೇಕಾಗಿತ್ತು?"

ಮಗು ಎರಡು ಬೆರಳು ತೋರಿಸಿತು. ಇನ್ನರ್ಧ ಬಟ್ಟಲು ತಾನೇ ನೋಡಿ ಹಾಕಿತು. ಅದಕ್ಕೆ ಅರ್ಧ ಎಂದರೆ ಏನು ಎಂದು ಯಾರೂ ಕಲಿಸಿರಲಿಲ್ಲ. ಉಪ್ಪು ಹಾಕುವಾಗ ಬೆರಳಿಗೆ ಅಂಟಿದ್ದನ್ನು ನೆಕ್ಕಿ ಮುಖ ಕಿವುಚಿತು. ಆಮೇಲೆ ಒಂದು ದಿನವೂ ಆ ಹಿಟ್ಟನ್ನು ಬಾಯಿಗೆ ಇಡಲಿಲ್ಲ. ಬೇಡ ಎಂದು ಹೇಳುವ ಕೆಲಸವೇ ಬರಲಿಲ್ಲ. ನೀರಿನ ಸರದಿ ಬಂದಾಗ ಇಡೀ ಚೊಂಬನ್ನು ಬಗ್ಗಿಸಿಬಿಟ್ಟಿತು. ಹಿಟ್ಟು ಗಂಜಿಯಾಯಿತು.

"ಅಯ್ಯೋ!" ಎಂದ ಅವನು.

"ನೀನು ಸುಮ್ಮನಿರು" ಎಂದಳು ಮುದುಕಿ. ಮಗುವನ್ನು ಕೇಳಿದಳು, "ಈಗೇನು ಮಾಡೋಣ?"

ಮಗು ಗಂಜಿಯೊಳಗೆ ಕೈ ಆಡಿಸುತ್ತಾ ಯೋಚಿಸಿತು. ಯೋಚಿಸುತ್ತಲೇ ಇತ್ತು. ಆ ಹೊತ್ತಿನಲ್ಲಿ ಅವನು ಒಂದು ಅಂಗಡಿಯ ಹೆಸರನ್ನೇ ಬರೆದು ಮುಗಿಸಬಹುದಿತ್ತು. ಎರಡು ಹಿಡಿ ಹಿಟ್ಟು ಹಾಕಿದರೆ ಸರಿಹೋಗುವ ಕೆಲಸ, ಅವನಿಗೆ ಗೊತ್ತು, ಬಾಯಿಯ ತುದಿಗೆ ಬಂದಿದೆ, ಹೇಳುವ ಹಾಗಿಲ್ಲ. ಅವನ ಹಣೆಯಿಂದ ಬೆವರು ಇಳಿದು ಮೂಗಿನ ತುದಿಗೆ ಬಂತು. ಒರೆಸಿಕೊಳ್ಳಲು ಕೈ ಬಿಡುವ ಹಾಗೂ ಇಲ್ಲ.

"ಇನ್ನೂ ಹಿಟ್ಟು" ಎಂದಿತು ಮಗು. ಹಾಕಿತು. ಮೆತ್ತಗೇ ಇತ್ತು. "ಇನ್ನೂ." ಹಾಕಿತು. ಅಂಗೈ ಊರಿ ಒತ್ತಿತು. ಬೆರಳ ಸಂದಿಯಿಂದ ಹಿಟ್ಟು ಉಕ್ಕಿತು. ಎದ್ದು ನಿಂತು ಮೈಭಾರವೆಲ್ಲ ಹಾಕಿ ಒತ್ತಿತು. ಪಾತ್ರೆ ಜರುಗಿದಾಗ ಅಪ್ಪನನ್ನು ಗದರಿತು, "ಸರಿಯಾಗಿ ಹಿಡ್ಕೋ ಅಪ್ಪಾ!"

ಮುದುಕಿ ಸೆರಗು ಬಾಯಿಗೆ ಒತ್ತಿ ನಕ್ಕಳು.

ಕೊನೆಗೆ ಆದದ್ದು ಗಂಟುಗಂಟಾದ, ಅಲ್ಲಲ್ಲಿ ಮಾತ್ರ ಹಳದಿ ಹತ್ತಿದ ಒಂದು ಮುದ್ದೆ. ಬೋರ್ಡು ಬರೆಯುವವನಿಗೆ ಅದನ್ನು ನೋಡಲಾಗಲಿಲ್ಲ. ಮಗು ಮಾತ್ರ ಅದನ್ನು ಎರಡು ಕೈಯಲ್ಲೂ ಎತ್ತಿಕೊಂಡು ಓಣಿಯ ತುಂಬ ತೋರಿಸಿ ಬಂದಿತು. ಹಿಟ್ಟಿನ ಕೈಯನ್ನು ಸಾಬೂನಿನಲ್ಲಿ ತೊಳೆದಾಗ ಅರಿಶಿನ ಕೆಂಪಾಯಿತು. "ಅಪ್ಪಾ, ಬಾ! ಹಳದಿ ಹೋಗಿ ಕೆಂಪು ಬಂತು!" ಎಂದು ಕಿರುಚಿತು. ಅವನು ಹೋಗಿ ನೋಡಿದ. ಇಪ್ಪತ್ತು ವರ್ಷ ಬಣ್ಣದಲ್ಲೇ ಬದುಕಿದವನು ಹಾಗೆ ಬಣ್ಣ ನೋಡಿ ಎಷ್ಟೋ ಕಾಲವಾಗಿತ್ತು.

ದಿನವೂ ಇದೇ ನಡೆಯಿತು. ಅವನದು ಪಾತ್ರೆ, ಮಗುವಿನದು ಹಿಟ್ಟು. ಒಂದು ದಿನ ಮಗಳು ಎಣ್ಣೆ ಮರೆತಳು. ಮರುದಿನ ಮುದ್ದೆ ಬಿರುಕು ಬಿಟ್ಟಿತು. ಯಾಕೆ ಎಂದು ಯಾರೂ ಹೇಳಿಕೊಡಲಿಲ್ಲ. ಅವಳೇ ಅರ್ಧ ಗಂಟೆ ಅದರ ಜೊತೆ ಮಾತಾಡಿ, "ನಿನ್ನೆ ಎಣ್ಣೆ ಹಾಕಿಲ್ಲ, ಅದಕ್ಕೇ ಕೋಪ ಮಾಡ್ಕೊಂಡಿದೆ" ಎಂದಳು. ಹಿಟ್ಟಿನಿಂದ ಹಾವು ಹೊಸೆದಳು. ಹಾವನ್ನು ಅಪ್ಪನ ಚಪ್ಪಲಿಯ ಪಕ್ಕ ಇಟ್ಟು ಯಾವುದು ಉದ್ದ ಎಂದು ನೋಡಿದಳು. ಹಾವು ತುಂಡಾದರೆ ಜೋಡಿಸಿದಳು. ಬೆರಳ ತುದಿಯಲ್ಲಿ ಚಿವುಟಿ ಚಿವುಟಿ ಹಲ್ಲಿಯೊಂದನ್ನು ಮಾಡಿ ಅದಕ್ಕೆ ಕಾಲು ಎಳೆದಳು. ಹೊಟ್ಟೆನೋವು ಎನ್ನುವುದು ನಿಂತಿತು.

ಆದರೆ ಅಕ್ಷರ? ಅಕ್ಷರದ ಸುದ್ದಿಯೇ ಇಲ್ಲ. ಗೋಡೆಯ ಗೆರೆಗಳು ಇಪ್ಪತ್ತಾದವು, ಹನ್ನೆರಡಾದವು, ಐದಾದವು. ಅವನು ಬೋರ್ಡು ಬರೆಯುತ್ತಿದ್ದರೂ ಮನಸ್ಸು ಗೋಡೆಯ ಮೇಲೆ. ಒಂದು ಬಟ್ಟೆ ಅಂಗಡಿಯ ಹೆಸರಿನಲ್ಲಿ ಒತ್ತಕ್ಷರವನ್ನೇ ಬಿಟ್ಟು ಬರೆದುಬಂದ. ಜನ್ಮದಲ್ಲಿ ಮೊದಲ ಸಲ. ರಾತ್ರಿ ನಿದ್ದೆ ಇಲ್ಲ, ಹಗಲು ಸಮಾಧಾನವಿಲ್ಲ.

"ಅಜ್ಜಿ, ಅಕ್ಷರ ಯಾವಾಗ?" ಎಂದು ಕೇಳಿದ.

"ನನಗೇನು ಗೊತ್ತು? ನಾನು ಶಾಲೆಗೆ ಹೋದವಳಲ್ಲ" ಎಂದಳು ಮುದುಕಿ. "ಅವಳ ಅಂಗೈ ಮುಟ್ಟಿ ನೋಡು. ಅಷ್ಟು ನನಗೆ ಗೊತ್ತು."

ಅವನು ಮುಟ್ಟಿ ನೋಡಲಿಲ್ಲ. ಅವನಿಗೆ ಬೇಕಾದದ್ದು ಅಂಗೈ ಅಲ್ಲ, ಅಕ್ಷರ.

ಮೂರು ಗೆರೆ ಉಳಿದಿದ್ದ ದಿನ ಮುದುಕಿ ಯಾವುದೋ ಮದುವೆಗೆ ರೊಟ್ಟಿ ಕೊಡಲು ಹೋಗಿದ್ದಳು. ಮಗು ಒಂದು ಉದ್ದನೆಯ ಹಾವು ಹೊಸೆದು ಅದನ್ನು ಬಗ್ಗಿಸುತ್ತಾ ಕುಳಿತಿತ್ತು. ಒಂದು ಸುತ್ತು ಸುತ್ತಿತು. ಬಾಲವನ್ನು ಮೇಲೆ ಎಳೆಯಿತು. ಬೋರ್ಡು ಬರೆಯುವವನು ಮುಂದಕ್ಕೆ ಬಗ್ಗಿದ. ಇನ್ನೊಂದು ಸುತ್ತು ಬಂದರೆ ಅದು 'ಅ'. ಇನ್ನು ಒಂದೇ ಒಂದು ಸುತ್ತು. ಮಗು ಅಲ್ಲಿಗೇ ನಿಲ್ಲಿಸಿ ಹಾವಿಗೆ ಕಣ್ಣು ಇಡಲು ಹೊರಟಿತು. ಅವನಿಗೆ ತಡೆಯಲಾಗಲಿಲ್ಲ. ಪಾತ್ರೆ ಬಿಟ್ಟು, ಮಗುವಿನ ಕೈಯನ್ನು ಹಿಡಿದು, ಹಾವನ್ನು ಬಗ್ಗಿಸಿದ.

ಕೈ ಸತ್ತುಹೋಯಿತು.

ಒಂದು ಕ್ಷಣದ ಹಿಂದೆ ಹಿಟ್ಟನ್ನು ಒತ್ತಿ ಚಿವುಟುತ್ತಿದ್ದ ಕೈ, ಪಾತ್ರೆಯನ್ನೇ ಜರುಗಿಸುವಷ್ಟು ಬಲವಿದ್ದ ಕೈ, ಅವನ ಕೈಯೊಳಗೆ ಬಂದ ಕೂಡಲೇ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಮಗು ಹಿಟ್ಟನ್ನೂ ನೋಡುತ್ತಿರಲಿಲ್ಲ. ಅಪ್ಪನ ಮುಖವನ್ನು ನೋಡುತ್ತಾ, ಮುಗಿಯಲಿ ಎಂದು ಕಾಯುತ್ತಿತ್ತು.

ಆಗ ಅವನಿಗೆ ಗೊತ್ತಾಯಿತು. ಯಾರೂ ಹೇಳದೆ, ತನ್ನ ಕೈಯಿಂದಲೇ ಗೊತ್ತಾಯಿತು. ಊನ ಮಗುವಿನ ಕೈಯಲ್ಲಿರಲಿಲ್ಲ. ವಿಜಯದಶಮಿಯಿಂದ ಇಲ್ಲಿಯವರೆಗೆ ಸ್ಲೇಟಿನ ಮೇಲೆ ಬರೆದವನು ತಾನು, ಕಲಿತವನೂ ತಾನೇ, ಬಂದ ಅಕ್ಷರವನ್ನೇ ಮತ್ತೆ ಮತ್ತೆ ಕಲಿತಿದ್ದ. ಮಗು ಕಲಿತದ್ದು ಕೈ ಚಾಚಿ ಕಾಯುವುದನ್ನು ಮಾತ್ರ. ಅವನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಕಣ್ಣಲ್ಲಿ ನೀರು ಬಂತು. ಮಗುವಿನ ಕೈ ಬಿಟ್ಟು, 'ಅ' ಆಗಿದ್ದ ಹಾವನ್ನು ಮುದ್ದೆ ಮಾಡಿ ಅದರ ಮುಂದೆ ಇಟ್ಟ. ಎರಡು ಕೈಯಲ್ಲೂ ಪಾತ್ರೆ ಹಿಡಿದು ಕುಳಿತ.

ಮಗು ಮುದ್ದೆಯನ್ನು ಬೆರಳಿನಿಂದ ಒತ್ತಿ ನೋಡಿತು. ಆಮೇಲೆ, "ಅಪ್ಪಾ, ಇದು ಒಣಗಿದೆ, ನೀರು ಬೇಕು" ಎಂದಿತು. ಚೊಂಬು ಪಕ್ಕದಲ್ಲೇ ಇತ್ತು. ಅವನು ಕೊಡಲಿಲ್ಲ. ಮಗು ತಾನೇ ಎದ್ದು ತಂದು, ಬೆರಳಲ್ಲಿ ಅದ್ದಿ, ಮೂರು ಹನಿ ಹಾಕಿತು. ಮೂರೇ ಹನಿ. ಮೊದಲ ದಿನ ಚೊಂಬನ್ನೇ ಬಗ್ಗಿಸಿದ ಮಗು.

ಅವನು ಅಂಗಡಿಗೆ ಹೋಗಿ ಗೋಡೆಯ ಮೇಲೆ ಉಳಿದಿದ್ದ ಗೆರೆಗಳನ್ನು ಒಮ್ಮೆಗೇ ಒರೆಸಿಬಿಟ್ಟ. ಬರೆದರೆ ಬರೆಯಲಿ, ಬರೆಯದಿದ್ದರೆ ಇನ್ನೊಂದು ವರ್ಷ ಹಿಟ್ಟು ಕಲಸೋಣ ಎಂದು ಸಂಜೆ ಹೆಂಡತಿಗೆ ಹೇಳಿದ. ಬಾಯಿ ಹಾಗೆ ಹೇಳಿತು. ಬೆರಳು ಮಾತ್ರ ಉಳಿದ ದಿನಗಳನ್ನು ಎಣಿಸುತ್ತಿತ್ತು.

ಹೇಳಿದ ದಿನ ಅಪ್ಪ ಮಗಳು ಶಾಲೆಗೆ ಹೋದರು. ಅದೇ ಕೋಣೆ, ಅದೇ ಗುಮಾಸ್ತ, ಅದೇ ಮುಖ್ಯೋಪಾಧ್ಯಾಯಿನಿ. ಮಗುವನ್ನು ಕುರ್ಚಿಯ ಮೇಲೆ ಕೂರಿಸಿ, ತೊಡೆಯ ಮೇಲೆ ಸ್ಲೇಟು ಇಟ್ಟು, ಬಳಪ ಕೊಟ್ಟರು. ಬೋರ್ಡು ಬರೆಯುವವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒತ್ತಿ ನಿಂತ. ಬೆರಳುಗಳು ಒಂದರ ಮೇಲೊಂದು ಹೊರಳಾಡುತ್ತಿದ್ದವು.

ಮಗು ಬಳಪವನ್ನು ಮೂಗಿನ ಹತ್ತಿರ ಹಿಡಿದು ನೋಡಿತು. ಸ್ಲೇಟಿನ ಮೇಲೆ ಇಟ್ಟು ಒತ್ತಿತು. ಬಳಪ ಬೀಳಲಿಲ್ಲ. ಆದರೆ ಸ್ಲೇಟು ತೊಡೆಯಿಂದ ಜಾರಿತು. ಮಗು ಅದನ್ನು ಎತ್ತಿ ಮತ್ತೆ ಇಟ್ಟುಕೊಂಡಿತು. ಮತ್ತೆ ಜಾರಿತು. ಆಗ ತಲೆ ಎತ್ತಿ ಅಪ್ಪನನ್ನು ನೋಡಿತು.

ಇನ್ನೇನು ಕೈ ಚಾಚುತ್ತದೆ ಎಂದುಕೊಂಡ ಅವನು.

"ಅಪ್ಪಾ, ಬಂದು ಸ್ಲೇಟು ಹಿಡ್ಕೋ" ಎಂದಿತು ಮಗು. "ಅಲ್ಲಾಡಿಸಬೇಡ."

ಅವನು ಹೋಗಿ ಮೊಣಕಾಲೂರಿ ಎರಡು ಕೈಯಲ್ಲೂ ಸ್ಲೇಟಿನ ಅಂಚು ಹಿಡಿದ. ಮಗಳು ಹಾವು ಹೊಸೆಯುವಾಗಿನ ಹಾಗೆ ನಾಲಿಗೆ ಕಚ್ಚಿಕೊಂಡು ಒಂದು ಗೆರೆ ಎಳೆದಳು. ಬಗ್ಗಿಸಿದಳು. ಸುತ್ತಿದಳು. ಬಾಲ ಎಳೆದಳು. ನಿಲ್ಲಿಸಿ ನೋಡಿದಳು. ಏನೋ ಸಾಲದು ಎನಿಸಿತು. ಇನ್ನೊಂದು ಸುತ್ತು ಸುತ್ತಿದಳು.

ಅದು 'ಅ'. ಒಂದು ಹೊಟ್ಟೆ ದೊಡ್ಡದು, ಒಂದು ಹೊಟ್ಟೆ ಸಣ್ಣದು, ಬಾಲ ಸ್ಲೇಟಿನ ಚೌಕಟ್ಟನ್ನು ದಾಟಿ ಅಪ್ಪನ ಹೆಬ್ಬೆರಳಿನ ಮೇಲೆ ಬಂದಿತ್ತು.

"ಯಾಕಿಷ್ಟು ಸೊಟ್ಟ ಪುಟ್ಟಿ?" ಎಂದು ಮುಖ್ಯೋಪಾಧ್ಯಾಯಿನಿ ನಗುತ್ತಾ ಕೇಳಿದರು. "ನಿಮ್ಮ ಅಪ್ಪ ಎಷ್ಟು ಚೆನ್ನಾಗಿ ಬರೀತಾರೆ."

"ಅದು ಅಪ್ಪಂದು" ಎಂದಿತು ಮಗು. "ಇದು ನಾನು ಮಾಡಿದ್ದು."

ಮುಖ್ಯೋಪಾಧ್ಯಾಯಿನಿ ದಾಖಲಾತಿ ಪುಸ್ತಕ ತೆರೆದು ಮಗುವಿನ ಹೆಸರು ಕೇಳಿದರು. ಅಪ್ಪ ಇನ್ನೂ ಸ್ಲೇಟು ಹಿಡಿದೇ ಇದ್ದ. ಮಗುವೇ ಹೇಳಿತು.

ಅಂಬಕ್ಕ ಇಷ್ಟು ಹೇಳಿ ಸಿಪ್ಪೆಗಳನ್ನು ಮೊರಕ್ಕೆ ಬಳಿದರು. ಕಮಲಾಕ್ಷಿಯ ಮುಂದಿದ್ದ ಅವರೆಕಾಯಿ ಹಾಗೆಯೇ ಬಿದ್ದಿತ್ತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

"ಕತೆ ಚೆನ್ನಾಗಿದೆ ಅಕ್ಕ" ಎಂದಳು. "ಆದರೆ ಅವನಿಗೆ ಒಂದು ಮಗು. ನನಗೆ ಇಪ್ಪತ್ತೆರಡು. ಅವನಿಗೆ ನಲವತ್ತು ದಿನವಾದರೂ ಇತ್ತು. ನನಗೆ ನಾಳೆ ಬೆಳಗ್ಗೆ ಒಂದೇ ಒಂದು ಗಂಟೆಯ ಹೊತ್ತು. ತಾಯಂದಿರ ಕಣ್ಣಿಗೆ ಕೊನೆಗೆ ಒಂದು ಚೆಂದದ ಬೊಂಬೆಯಾದರೂ ಕಾಣಬೇಡವೇ?"

ಅಂಬಕ್ಕ ಆಗ ಡಬ್ಬಿಯನ್ನು ಎಳೆದುಕೊಂಡರು. ಒಂದು ಹಳದಿ ಉಂಡೆ ಎತ್ತಿ ಹೆಬ್ಬೆರಳಿನಲ್ಲಿ ಒತ್ತಿ ನೋಡಿದರು.

"ಬಹಳ ಹದವಾಗಿದೆ ಕಣೇ. ಹೇಗೆ ಮಾಡಿದೆ?"

ಕಮಲಾಕ್ಷಿಯ ಮುಖ ಅರಳಿತು. ಬಂದಾಗಿನಿಂದ ಮೊದಲ ಸಲ ಅವಳು ಗಡಿಯಾರ ಮರೆತಳು.

"ಮೊದಲ ಸಲ ಹಾಳಾಯಿತು ಅಕ್ಕ. ನೀರು ಹೆಚ್ಚಾಯಿತು. ಒಮ್ಮೆಗೇ ಹಾಕಬಾರದು ಅಂತ ಆಗ ಗೊತ್ತಾಯಿತು. ಎರಡನೆಯ ಸಲ ಸ್ವಲ್ಪ ಸ್ವಲ್ಪ ಹಾಕಿದೆ. ಬಿಸಿನೀರಾದರೆ ಬೇಗ ಮೆತ್ತಗಾಗುತ್ತದೆ, ಅದನ್ನೂ ಕಂಡುಕೊಂಡೆ. ಬೀಟ್‌ರೂಟು ತುರಿದು ಹಿಂಡಿದೆ, ಬಣ್ಣ ತಿಳಿಯಾಯಿತು, ಅದನ್ನೇ ಕುದಿಸಿ ಇಂಗಿಸಿದೆ, ನೋಡಿ ಎಂಥ ಕೆಂಪು! ನಾದಿ ನಾದಿ ತೋಳು ಬಿದ್ದುಹೋಯಿತು. ಆದರೆ ಅಂಟುವುದು ನಿಂತು ಅದು ಕೈ ಬಿಟ್ಟಿತಲ್ಲ, ಆ ಗಳಿಗೆ ಇದೆಯಲ್ಲ ಅಕ್ಕ, ನನಗೆ ಎಷ್ಟು ಖುಷಿಯಾಯಿತು ಅಂದರೆ, ಒಬ್ಬಳೇ ಅಡುಗೆಮನೆಯಲ್ಲಿ ನಕ್ಕುಬಿಟ್ಟೆ."

ಅಂಬಕ್ಕ ಉಂಡೆಯನ್ನು ಅದರ ಸಾಲಿಗೇ ವಾಪಸು ಇಟ್ಟು ಡಬ್ಬಿಯ ಮುಚ್ಚಳ ಮುಚ್ಚಿದರು.

"ಊಟವನ್ನೆಲ್ಲ ನೀನು ಮಾಡಿ ಮುಗಿಸಿದೆ, ಮಕ್ಕಳಿಗೆ ತುಂಬಿಕೊಂಡು ಹೊರಟಿರುವುದು ಎಂಜಲು."

ಕಮಲಾಕ್ಷಿ ಡಬ್ಬಿಯನ್ನು ಅಂಬಕ್ಕನವರ ಕಡೆಗೇ ಸರಿಸಿದಳು. "ಅಕ್ಕ, ನಿಮ್ಮಲ್ಲಿ ಅಗಲವಾದ ಪಾತ್ರೆ ಎಷ್ಟಿವೆ?" ಎಂದಳು.